ಮೂತಿ ಚಾಚಿದ ಹಡಗುಗಳ ಕಾಲ

ಹದಿನೆಂಟನೇ ಶತಮಾನದ ಅರಬ್ಬೀ ಕಡಲಲ್ಲಿ ಬಾವುಟ ನೋಡಿ ಹಡಗನ್ನು ನಂಬುವಂತಿರಲಿಲ್ಲ. ಬಾವುಟ ಇಳಿಸಿ ಇನ್ನೊಂದನ್ನು ಏರಿಸಲು ಒಂದು ಗಳಿಗೆ ಸಾಕು. ಮೂತಿಯನ್ನು ಮಾತ್ರ ಯಾರೂ ಮರೆಸಲಾರರು. ಕಾರವಾರದಲ್ಲಿ ಮೆಣಸು ತುಂಬಿಕೊಂಡು ಮುಂಬೈಗೆ ಹೊರಟ ಈಸ್ಟ್ ಇಂಡಿಯಾ ಕಂಪನಿಯ ಹಡಗಿನವರಿಗೆ, ನೀರಿಗೆ ತಾಗುವಷ್ಟು ತಗ್ಗಿನಲ್ಲಿ ಮುಂದಕ್ಕೆ ಚಾಚಿದ ಚೂಪು ಮೂತಿಯೊಂದು ಹಿಂದಿನಿಂದ ಬರುವುದು ಕಂಡರೆ ಅದು ಘುರಾಬು ಎಂಬುದು ಗೊತ್ತಾಗುತ್ತಿತ್ತು. ಘುರಾಬು ಒಂಟಿಯಾಗಿ ಬರುತ್ತಿರಲಿಲ್ಲ ಎಂಬುದೂ ಗೊತ್ತಿರುತ್ತಿತ್ತು.

ಈ ಘುರಾಬಿನ ಅತ್ಯಂತ ಸ್ಪಷ್ಟ ಚಿತ್ರ ಬಿಟ್ಟುಹೋದವನು ಕಂಪನಿಯ ಇತಿಹಾಸಕಾರ ರಾಬರ್ಟ್ ಓರ್ಮ್. 1763ರಲ್ಲಿ ಮೊದಲ ಸಂಪುಟ ಹೊರಬಂದ ಅವನ ಇತಿಹಾಸದಲ್ಲಿ ಮರಾಠಾ ನೌಕಾಧಿಪತಿ ಆಂಗ್ರೆಯ ನೌಕಾಪಡೆಯ ವರ್ಣನೆಯಿದೆ. ಯುರೋಪಿನ ಹಡಗಿಗೆ ಇರುವಂಥ ಗುಂಡನೆಯ ಮುಂಭಾಗ ಘುರಾಬಿಗಿಲ್ಲ, ಅದರ ಬದಲು ಮೆಡಿಟರೇನಿಯನ್ ಕಡಲಿನ ಗ್ಯಾಲಿ ನೌಕೆಗಳ ಹಾಗೆ ಉದ್ದಕ್ಕೆ ಚಾಚಿದ ಮೂತಿಯಿದೆ ಎಂದು ಅವನು ಬರೆಯುತ್ತಾನೆ. ಮೂರು ಕೂವೆಕಂಬದವು ಸುಮಾರು 300 ಟನ್ನಿನವು, ಎರಡು ಕಂಬದವು 150 ಟನ್ನು ಮೀರುತ್ತಿರಲಿಲ್ಲ. ಉದ್ದಕ್ಕೆ ಹೋಲಿಸಿದರೆ ಅಗಲ ಹೆಚ್ಚು. ತಳ ಆಳವಿಲ್ಲದ್ದರಿಂದ ತೆಳುನೀರಿನಲ್ಲೂ ತೇಲುತ್ತಿದ್ದವು.

ಓರ್ಮ್ ಗಮನಿಸಿದ ಒಂದು ವಿವರದಲ್ಲಿ ಈ ಕಟ್ಟೋಣದ ಜಾಣ್ಮೆಯೆಲ್ಲ ಇದೆ. ಮೂತಿಯ ಮೇಲೆ ಗಟ್ಟಿ ಹಲಗೆಯ ಅಟ್ಟವಿತ್ತು, ಆದರೆ ಅದರ ಎರಡೂ ಬದಿಗೆ ಗೋಡೆಯಿರಲಿಲ್ಲ. ಎದುರಲೆಗೆ ಹೊರಟಾಗ ಇಂಥ ಹಡಗು ಮೂಗು ಮುಳುಗಿಸಿ ಏಳುತ್ತದೆ, ನೀರು ಮೂತಿಯ ಮೇಲೆ ನುಗ್ಗುತ್ತದೆ. ಗೋಡೆಯಿದ್ದರೆ ಆ ನೀರು ಅಲ್ಲೇ ನಿಂತು ಹಡಗಿನ ಮುಂಭಾಗವನ್ನು ಕೆಳಕ್ಕೆ ಜಗ್ಗುತ್ತಿತ್ತು. ಬೋಳಾಗಿ ಬಿಟ್ಟಿದ್ದರಿಂದ ಬಂದ ನೀರು ಬಂದ ಹಾಗೇ ಎರಡೂ ಬದಿಗೆ ಸುರಿದುಹೋಗುತ್ತಿತ್ತು. ಮೂತಿಗೂ ಹಡಗಿನ ಮೈಗೂ ನಡುವೆ ಒಂದು ಅಡ್ಡಗೋಡೆ. ಅದರಲ್ಲಿ ಎರಡು ಕಿಂಡಿ, ಕಿಂಡಿಯ ಹಿಂದೆ ಒಂಬತ್ತು ಅಥವಾ ಹನ್ನೆರಡು ಪೌಂಡಿನ ಗುಂಡು ಹಾರಿಸುವ ಎರಡು ಫಿರಂಗಿ. ಅವು ನೇರ ಮುಂದಕ್ಕೆ, ಮೂತಿಯ ಮೇಲಿನಿಂದ ಗುಂಡು ಹೊಡೆಯುತ್ತಿದ್ದವು.

ಆ ಕಾಲದ ಯುರೋಪಿನ ಹಡಗಿನ ಬಲವೆಲ್ಲ ಪಕ್ಕೆಗಳಲ್ಲಿತ್ತು. ಫಿರಂಗಿಗಳು ಎಡಬಲಕ್ಕೆ ಸಾಲಾಗಿ ನಿಂತಿರುತ್ತಿದ್ದವು. ಹಿಂಭಾಗ ಮಾತ್ರ ಅದರ ಬಲಹೀನ ಜಾಗ. ಘುರಾಬುಗಳು ಬೆನ್ನು ಹತ್ತುತ್ತಿದ್ದದ್ದು ಅಲ್ಲಿಗೇ. ಗಾಳಿ ಬಿದ್ದುಹೋದ ದಿನ ಗಲಿವತ್ ಎಂಬ ಹುಟ್ಟುದೋಣಿಗಳು ಅವನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದವು. ಒಂದೊಂದಕ್ಕೆ ನಲವತ್ತು ಐವತ್ತು ಹುಟ್ಟು, ಗಂಟೆಗೆ ನಾಲ್ಕು ಮೈಲಿ ಓಟ. ಎಂಟು ಹತ್ತು ಘುರಾಬು, ನಲವತ್ತು ಐವತ್ತು ಗಲಿವತ್ ಸೇರಿ ದೊಡ್ಡ ಹಡಗಿನ ಬೆನ್ನಿಗೆ ಬೀಳುತ್ತಿದ್ದವು. ಮುಂದಿನ ಹಡಗಿನ ಕಂಬಗಳು ಒಂದರ ಹಿಂದೊಂದು ಸಾಲಾಗಿ ಕಾಣುವ ಸಮಯ ನೋಡಿ ಕಂಬಗಳಿಗೇ ಗುರಿಯಿಡುತ್ತಿದ್ದರು. ಕಂಬ ಉರುಳಿದರೆ ಹಡಗು ನಿಲ್ಲುತ್ತದೆ, ಆಮೇಲೆ ಗಲಿವತ್‌ಗಳಲ್ಲಿದ್ದವರು ಕತ್ತಿ ಹಿಡಿದು ಹತ್ತುತ್ತಾರೆ. ಮೂತಿಯ ಆಕಾರ, ಫಿರಂಗಿಯ ಜಾಗ, ಕಾಳಗದ ವರಸೆ ಮೂರೂ ಒಂದೇ ಯೋಚನೆಯಿಂದ ಹುಟ್ಟಿದವು. ಕಡಲ್ಗಳ್ಳರ ಹಡಗು ಎಂದು ಇದನ್ನು ತಳ್ಳಿಹಾಕಿದ ಕಂಪನಿಯೇ ಮುಂಬೈಯಲ್ಲಿ ತನ್ನ ನೌಕಾಪಡೆಗೆ ಘುರಾಬುಗಳನ್ನು ಕಟ್ಟಿಸಿಕೊಂಡಿತು ಎಂಬುದು ಈ ವಿನ್ಯಾಸಕ್ಕೆ ಸಿಕ್ಕ ದೊಡ್ಡ ಪ್ರಮಾಣಪತ್ರ.

ಚೂಪು ಮೂತಿಯ ಹಡಗು ಪಡುವಣ ಕರಾವಳಿಗೆ ಆಂಗ್ರೆ ತಂದದ್ದಲ್ಲ. ಮುಂಬೈ ಬೊರಿವಲಿಯ ಬಳಿಯ ಎಕ್ಸರ್‌ನಲ್ಲಿರುವ ವೀರಗಲ್ಲುಗಳಲ್ಲಿ ನೌಕಾಯುದ್ಧದ ಪಟ್ಟಿಕೆಗಳಿವೆ. ಒಂದು ಸಾಲು ಹುಟ್ಟು, ಒಂದು ಕಂಬ, ಮೇಲಕ್ಕೆ ಚಾಚಿದ ತುದಿಗಳ ಹಡಗುಗಳು. ಗೋವೆಯ ಕದಂಬರ ಕಾಲದ ವೀರಗಲ್ಲಿನಲ್ಲೂ ಹಡಗಿನ ಮೇಲೆ ಕಾದುವ ವೀರರಿದ್ದಾರೆ. ಬನವಾಸಿಯ ಹೆಸರು ಹೊತ್ತ ಮನೆತನದ ಒಂದು ಕವಲು ಕಡಲ ಕಾಳಗದಲ್ಲಿ ಸತ್ತವರಿಗೂ ಕಲ್ಲು ನಿಲ್ಲಿಸಿತು ಎನ್ನುವುದು ಶಿರಸಿ ಸೀಮೆಯವರು ತಮ್ಮದೆಂದು ಹೇಳಿಕೊಳ್ಳಬಹುದಾದ ಸಂಗತಿ.

1498ರಲ್ಲಿ ವಾಸ್ಕೋ ಡ ಗಾಮ ಕಾರವಾರದ ಎದುರಿನ ಅಂಜುದೀವದಲ್ಲಿ ಹಡಗು ರಿಪೇರಿಗೆ ನಿಂತಿದ್ದಾಗ ನಡೆದ ಪ್ರಸಂಗವೊಂದನ್ನು ಪೋರ್ಚುಗೀಸ್ ಇತಿಹಾಸಕಾರ ಬಾರೋಸ್ ಬರೆದಿದ್ದಾನೆ. ಹೊನ್ನಾವರದ ತಿಮ್ಮೋಜ ಎಂಟು ದೋಣಿಗಳನ್ನು ಒಂದಕ್ಕೊಂದು ಬಿಗಿದು, ಮೇಲೆ ಹಸಿರು ಟೊಂಗೆ ಹೊದಿಸಿ, ತೇಲುವ ಪೊದೆಯಂತೆ ಮಾಡಿಕೊಂಡು ಹತ್ತಿರ ಬಂದನಂತೆ. ಪೋರ್ಚುಗೀಸರ ಫಿರಂಗಿಗೆ ಆ ಪೊದೆ ಚದುರಿತು. ಮೂತಿ ಕಂಡರೆ ಗುರುತು ಸಿಕ್ಕಿಬಿಡುತ್ತದೆ ಎಂದು ಬಲ್ಲವನು ಮಾತ್ರ ಮೂತಿಯನ್ನೇ ಸೊಪ್ಪಿನಲ್ಲಿ ಮುಚ್ಚುತ್ತಾನೆ. ಅದೇ ತಿಮ್ಮೋಜ ಹನ್ನೆರಡು ವರ್ಷದ ಮೇಲೆ, 1510ರಲ್ಲಿ, ಗೋವೆ ಹಿಡಿಯಲು ಪೋರ್ಚುಗೀಸ್ ಸೇನಾನಿ ಆಲ್ಬುಕರ್ಕ್‌ಗೆ ಜೊತೆಯಾದ.

ಇನ್ನು ಗಾಳಿಯ ಮಾತು. ಈ ಕರಾವಳಿಯ ಹಡಗಿನ ಮೂತಿಯನ್ನು ತಿದ್ದಿದ್ದು ಯುದ್ಧಕ್ಕಿಂತ ಹೆಚ್ಚಾಗಿ ಗಾಳಿ ಮತ್ತು ಅಳಿವೆ. ಮಳೆಗಾಲದ ನಾಲ್ಕು ತಿಂಗಳು ದೇಶಿ ಹಡಗುಗಳು ದಡಕ್ಕೇರಿ ಮಡಲಿನ ಹೊದಿಕೆಯೊಳಗೆ ಕೂರುತ್ತಿದ್ದವು. ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟ ಮೇಲೆ ಮತ್ತೆ ನೀರು. ಆದರೆ ಆ ತೆರವಿನ ಕಾಲದಲ್ಲಿ ಗಾಳಿ ಬೀಸುವುದೇ ವಾಯವ್ಯದಿಂದ, ಅಂದರೆ ಮುಂಬೈಗೆ ಹೋಗುವವರ ಎದುರಿನಿಂದ. 1665ರಲ್ಲಿ 85 ಸಣ್ಣ ಯುದ್ಧನೌಕೆ, ಮೂರು ದೊಡ್ಡ ಹಡಗುಗಳೊಂದಿಗೆ ಬಸರೂರಿನ ಮೇಲೆ ಬಂದ ಶಿವಾಜಿ ಹಿಂದಿರುಗುವಾಗ ವಾಯವ್ಯದ ಬಿರುಗಾಳಿಗೆ ಸಿಕ್ಕಿ ಹಲವು ದಿನ ತಡೆಯಬೇಕಾಯಿತೆಂದು ಮರಾಠರ ಇತಿಹಾಸ ಬರೆದ ಗ್ರಾಂಟ್ ಡಫ್ ದಾಖಲಿಸಿದ್ದಾನೆ. ರಾಜನಿಗೇ ಹೀಗಾದ ಮೇಲೆ ಅಕ್ಕಿ, ಅಡಕೆ ಹೊತ್ತ ವರ್ತಕನ ಪಾಡೇನು?

ಎದುರುಗಾಳಿಯನ್ನು ಓರೆಯಾಗಿ ಸೀಳಿಕೊಂಡು ಹೋಗಲು ಬೇಕಾದದ್ದು ಮುಕ್ಕೋನದ ದೊಡ್ಡ ಹಾಯಿ. ಆ ಹಾಯಿಯ ಮುಂದಿನ ಮೂಲೆಯನ್ನು ಬಿಗಿಯಲು ಕಂಬಕ್ಕಿಂತ ಬಹಳ ಮುಂದೆ ಒಂದು ಗಟ್ಟಿ ಜಾಗ ಬೇಕು. ಯುರೋಪಿನವರು ಹಡಗಿನ ಮುಂದೆ ಒಂದು ಗಳುವನ್ನೇ ಚಾಚಿ ಬಿಗಿದರು. ನಮ್ಮ ಬಡಗಿಗಳು ಹಡಗಿನ ಮೈಯನ್ನೇ ಚಾಚಿದರು. ಅದರ ಪರಮಾವಧಿ ಪತ್ತೇಮಾರಿ ಎಂಬ ಸರಕಿನ ಹಾಯಿಹಡಗು.

ಟ್ರಿಂಕೋಮಲಿಯ ಹಡಗುಕಟ್ಟೆಯ ಮುಖ್ಯ ಬಡಗಿಯಾಗಿದ್ದ ಜಾನ್ ಈಡೈ 1834ರಲ್ಲಿ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಗೆ ಕೋರಮಂಡಲ, ಮಲಬಾರ್, ಸಿಂಹಳಗಳ ದೇಶಿ ಹಡಗುಗಳ ಬಗ್ಗೆ ಒಂದು ಲೇಖನ ಬರೆದ. ತನ್ನ ಕಸುಬಿನವರನ್ನು ಗೌರವದಿಂದ ನೋಡಿದ ಬರಹ ಅದು. ದೊಡ್ಡ ಪತ್ತೇಮಾರಿ ಸುಮಾರು 76 ಅಡಿ ಉದ್ದ, 21 ಅಡಿ ಅಗಲ, 200 ಟನ್ ಭಾರ ಹೊರುತ್ತಿತ್ತು. ಅದನ್ನು ಘುರಾಬಿನ ಕಟ್ಟಿನದು ಎಂದೇ ಅವನು ಕರೆಯುತ್ತಾನೆ. ಕಾರಣ, ಮೂತಿಯ ಓರೆಮರ ತಳದ ತೊಲೆಯಷ್ಟೇ ಉದ್ದ! ಹಡಗಿನ ಉದ್ದದಲ್ಲಿ ಅಷ್ಟು ದೊಡ್ಡ ಪಾಲು ನೀರಿನ ಮೇಲೆ ಓರೆಯಾಗಿ ಚಾಚಿಕೊಂಡೇ ಇರುತ್ತಿತ್ತು. ಒಳಗಿನ ಪಕ್ಕೆಲುಬುಗಳಿಗೆ ಕಾಡುಮರ, ಹೊರಮೈಗೆ ಸಾಗುವಾನಿ ಹಲಗೆ, ಕಬ್ಬಿಣದ ಮೊಳೆ.

ತಳದ ತೊಲೆ ನೇರವಿರಲಿಲ್ಲ. ನಡುವೆ ಬಿಲ್ಲಿನಂತೆ ಮೇಲಕ್ಕೆ ಬಾಗಿತ್ತು. ಓರೆಮರ ಬಂದು ತೊಲೆಯನ್ನು ಸೇರುವ ಜಾಗದಲ್ಲಿ ಹಡಗು ನೀರನ್ನು ಆಳಕ್ಕೆ ಕಚ್ಚಿ ಹಿಡಿಯುತ್ತಿತ್ತು, ಹಾಗಾಗಿ ಓರೆಗಾಳಿಯಲ್ಲಿ ಪಕ್ಕಕ್ಕೆ ಜಾರುತ್ತಿರಲಿಲ್ಲ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನಾಲ್ಕೂ ನದಿಗಳ ಅಳಿವೆಗಳಲ್ಲಿ ಮರಳದಿಬ್ಬ ವರ್ಷವರ್ಷ ಜಾಗ ಬದಲಿಸುತ್ತದೆ. ಅಂಥ ಕಡೆ ಓರೆ ಮೂತಿಯ ಹಡಗು ಮರಳಿಗೆ ತಾಗಿದರೂ ಗುದ್ದುವುದಿಲ್ಲ, ಏರಿ ನಿಲ್ಲುತ್ತದೆ. ಉಬ್ಬರ ಬಂದಾಗ ಹಿಂದೆ ಸರಿಯುತ್ತದೆ. ಹಡಗು ನಡೆಸುವ ತಾಂಡೇಲನಿಗೆ ಇದರ ಬೆಲೆ ಗೊತ್ತಿತ್ತು. ಫ್ರೆಂಚ್ ನೌಕಾಧಿಕಾರಿ ಎಡ್ಮಂಡ್ ಪಾರಿಸ್ 1840ರ ದಶಕದ ಆರಂಭದಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಯುರೋಪಿನ ಹೊರಗಿನ ಜನರ ಹಡಗುಗಳನ್ನು ಅಳತೆ ಸಮೇತ ಚಿತ್ರಿಸಿದ. ಅದರಲ್ಲಿ ಪತ್ತೇಮಾರಿಯೂ ಇದೆ.

ಪತ್ತೇಮಾರಿಯ ಸಾಗುವಾನಿ ಬರುತ್ತಿದ್ದದ್ದು ಘಟ್ಟದಿಂದ. ಈ ಕಥೆಯ ಅರ್ಧ ನಡೆಯುವುದೇ ಕಡಲು ಕಾಣದ ಊರುಗಳಲ್ಲಿ. ಯಲ್ಲಾಪುರದ ಉತ್ತರಕ್ಕೆ ಬಿದ್ದ ಮಳೆ ಕಾಳಿಗೆ, ದಕ್ಷಿಣಕ್ಕೆ ಬಿದ್ದದ್ದು ಬೇಡ್ತಿಗೆ. ನಂದೊಳ್ಳಿ, ಮಾಗೋಡು ಸುತ್ತಿನ ತೋಟ, ಬೆಟ್ಟ, ಕಾಡುಗಳ ನೀರೆಲ್ಲ ಸೇರುವ ಬೇಡ್ತಿ ಮಾಗೋಡಿನಲ್ಲಿ ಬಂಡೆಯಿಂದ ಬಂಡೆಗೆ ಧುಮುಕಿ ಗಂಗಾವಳಿಯಾಗಿ ಇಳಿಯುತ್ತದೆ. ನೋಡಲು ಚೆಂದ, ದಿಮ್ಮಿ ಸಾಗಿಸುವವನಿಗೆ ಮಾತ್ರ ಅಲ್ಲಿ ದಾರಿಯಿಲ್ಲ. ಆದ್ದರಿಂದ ಮೇಲಿನ ಮರ ಎತ್ತು, ಕೋಣ, ಆನೆಗಳ ಬಲದಿಂದ ನೆಲದ ಮೇಲೆ ಘಟ್ಟ ಇಳಿಯಬೇಕಿತ್ತು. ಕದ್ರಾದಿಂದ ಕೆಳಗೆ ಕಾಳಿಯ ನೀರು ಶಾಂತ. ಅಲ್ಲಿಂದ ದಿಮ್ಮಿಗಳನ್ನು ತೇಲಲು ಬಿದಿರು ಸೇರಿಸಿ ತೆಪ್ಪ ಕಟ್ಟಿ ಸದಾಶಿವಗಡದ ಅಳಿವೆಗೆ ಬಿಡುತ್ತಿದ್ದರು. ಹಸಿ ಸಾಗುವಾನಿ ಮುಳುಗುತ್ತದೆ. ಬುಡದ ಸುತ್ತ ತೊಗಟೆ ಕೆತ್ತಿ, ನಿಂತಲ್ಲೇ ಒಣಗಿಸಿ, ಆಮೇಲೆ ಕಡಿದರೆ ತೇಲುತ್ತದೆ.

ಮರಕ್ಕೂ ಕಡಲಿಗೂ ನಡುವಿನ ಈ ದಾರಿ ಸೋದೆ ಅರಸರ ಕೈಯಲ್ಲಿತ್ತು. ಶಿರಸಿಯ ಹತ್ತಿರದ ರಾಜಧಾನಿಯಿಂದ ಅವರು ಮೆಣಸಿನ ತೋಟಗಳನ್ನೂ ಕಾರವಾರ, ಅಂಕೋಲೆಯ ಬಂದರುಗಳನ್ನೂ ಆಳಿದರು. 1638ರಿಂದ ಕಾರವಾರದಲ್ಲಿ ಇಂಗ್ಲಿಷರ ಕೋಠಿಯಿತ್ತು. 1715ರಲ್ಲಿ ಬಸವಲಿಂಗರಾಜ ಕಾಳಿಯ ಅಳಿವೆಯ ಮೇಲೆ ಕೋಟೆ ಕಟ್ಟಿಸಿ ತಂದೆ ಸದಾಶಿವರಾಜನ ಹೆಸರಿಟ್ಟ. ಅದೇ ಸದಾಶಿವಗಡ.

1763ರಲ್ಲಿ ಹೈದರ್ ಅಲಿ ಬಿದನೂರನ್ನೂ ಅದರ ಬೆನ್ನಿಗೇ ಸೋದೆಯನ್ನೂ ಗೆದ್ದ. ಸೋದೆಯ ಅರಸ ಗೋವೆಗೆ ಹೋದ. ಒಳನಾಡಿನ ಕುದುರೆ ಸವಾರನೊಬ್ಬನಿಗೆ ಒಂದೇ ವರ್ಷದಲ್ಲಿ ಮಂಗಳೂರಿನಿಂದ ಕಾರವಾರದವರೆಗಿನ ಕರಾವಳಿ, ಅದರ ಬೆನ್ನಿಗಿರುವ ಸಾಗುವಾನಿ ಕಾಡು ಎರಡೂ ಸಿಕ್ಕವು. ಅವನು ಹಡಗು ಕಟ್ಟಿಸಲು ಹೊರಟ. ಹಡಗು ಸಿದ್ಧವಾದವು, ಅವನ್ನು ನಡೆಸುವವರನ್ನು ಆರಿಸುವಲ್ಲಿ ಎಡವಿದ. 1768ರಲ್ಲಿ ಮುಂಬೈಯ ಇಂಗ್ಲಿಷ್ ಪಡೆ ಮಂಗಳೂರಿಗೆ ಬಂದಾಗ ನೌಕಾಪಡೆಯ ಮೇಲೆ ಅಶ್ವದಳದ ಸರದಾರ ಲುತ್ಫ್ ಅಲಿ ಬೇಗನನ್ನು ನೇಮಿಸಿದ್ದ. ಅದನ್ನು ಸಹಿಸದ ನಾವಿಕರು ಘುರಾಬು, ಗಲಿವತ್ ಸಮೇತ ಇಂಗ್ಲಿಷರ ಕಡೆಗೆ ಹೋದರು. ಮತ್ತೆ ಕಟ್ಟಿಸಿದ. 1780ರ ಡಿಸೆಂಬರಿನಲ್ಲಿ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿನ ಬಂದರಿಗೆ ನುಗ್ಗಿ ಆ ಹಡಗುಗಳನ್ನು ಸುಟ್ಟ. ಹೊನ್ನಾವರದಲ್ಲೂ ಹೈದರನ ಹಡಗುಕಟ್ಟೆಯಿತ್ತು. 1783ರಲ್ಲಿ ಇಂಗ್ಲಿಷರು ಆ ಊರನ್ನು ಹಿಡಿದರು.

1801ರಲ್ಲಿ ಈ ಕರಾವಳಿಗೆ ಬಂದ ಕಂಪನಿಯ ಸರ್ವೇಕ್ಷಕ ಫ್ರಾನ್ಸಿಸ್ ಬುಕಾನನ್ ಹೊನ್ನಾವರದ ಹಿನ್ನೀರಿನಲ್ಲಿ ಮುಳುಗಿ ಬಿದ್ದಿದ್ದ ಯುದ್ಧನೌಕೆಯೊಂದರ ಅವಶೇಷವನ್ನು ಕಂಡು ಬರೆದ. ಅಲ್ಲಿಂದ ಗೋಕರ್ಣ, ಅಂಕೋಲೆ, ಸದಾಶಿವಗಡ ನೋಡಿಕೊಂಡು ಘಟ್ಟ ಹತ್ತಿ ಯಲ್ಲಾಪುರ, ಸೋದೆ, ಶಿರಸಿ, ಬನವಾಸಿಗೆ ಹೋದ. ಸತ್ತ ಹಡಗಿನಿಂದ ಬದುಕಿರುವ ಮರದ ಕಡೆಗೆ ಅವನ ಪ್ರಯಾಣ ಸಾಗಿದ ಹಾಗಿದೆ.

ಅದಕ್ಕೂ ಮುಂಚೆ, 1796ರಲ್ಲಿ, ಹೈದರನ ಮಗ ಟಿಪ್ಪು ಮಾಡಿದ ಯೋಜನೆ ಎಲ್ಲಕ್ಕಿಂತ ದೊಡ್ಡದು. 20 ದೊಡ್ಡ ಯುದ್ಧನೌಕೆ, 20 ಫ್ರಿಗೇಟು, ಅವುಗಳನ್ನು ನೋಡಿಕೊಳ್ಳಲು ಮೀರ್ ಯಮ್ ಎಂಬ ಹೊಸ ಅಧಿಕಾರಿ ವರ್ಗ, ಕರಾವಳಿಯಲ್ಲಿ ಮೂರು ಹಡಗುಕಟ್ಟೆ. ಒಂದು ಮಂಗಳೂರಿನಲ್ಲಿ, ಇನ್ನೊಂದು ಸದಾಶಿವಗಡದ ಬಳಿ. ಗಮನಿಸಬೇಕಾದದ್ದೆಂದರೆ ಅವನು ಬಯಸಿದ್ದು ಘುರಾಬುಗಳನ್ನಲ್ಲ, ಪಕ್ಕೆಗೆ ಫಿರಂಗಿ ಸಾಲಿನ ಯುರೋಪ್ ಮಾದರಿಯ ಹಡಗುಗಳನ್ನು. 1756ರಲ್ಲಿ ವಿಜಯದುರ್ಗದಲ್ಲಿ ಆಂಗ್ರೆಯ ನೌಕಾಪಡೆ ಇಂಗ್ಲಿಷರ ಅಡ್ಮಿರಲ್ ವಾಟ್ಸನ್ ಮತ್ತು ಕ್ಲೈವ್ ಎದುರು ಸುಟ್ಟುಹೋದ ಮೇಲೆ ಮೂತಿಯ ಎರಡು ಫಿರಂಗಿ ಸಾಲುವುದಿಲ್ಲ ಎಂಬುದು ಎಲ್ಲರಿಗೂ ತಿಳಿದಿತ್ತು. ಯೋಜನೆ ಪೂರ್ಣಗೊಳ್ಳುವ ಮೊದಲೇ, 1799ರಲ್ಲಿ, ಶ್ರೀರಂಗಪಟ್ಟಣ ಬಿತ್ತು.

ಕಾಡು ಗೆದ್ದವರ ಪಾಲಾಯಿತು. 1806ರಲ್ಲಿ ಕಂಪನಿ ಕ್ಯಾಪ್ಟನ್ ವಾಟ್ಸನ್ ಎಂಬಾತನನ್ನು ಅರಣ್ಯ ಸಂರಕ್ಷಕನಾಗಿ ನೇಮಿಸಿ ಪಡುವಣ ಕರಾವಳಿಯ ಸಾಗುವಾನಿಯ ಮೇಲೆ ಏಕಸ್ವಾಮ್ಯ ಹೇರಿತು. ಜನರ ಅಸಮಾಧಾನ ಹೆಚ್ಚಿ 1823ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ಆ ಹುದ್ದೆಯನ್ನೇ ರದ್ದು ಮಾಡಿದ. ಅಷ್ಟರಲ್ಲಿ ಮುಂಬೈಯ ವಾಡಿಯಾ ಮನೆತನದ ಬಡಗಿಗಳು ಮಲಬಾರ್ ಸಾಗುವಾನಿ ಎಂದು ಹೆಸರಾದ ಪಡುವಣ ಘಟ್ಟದ ಮರದಿಂದ ಬ್ರಿಟಿಷ್ ನೌಕಾಪಡೆಗೆ 1810ರಲ್ಲಿ ಮಿಂಡೆನ್, 1813ರಲ್ಲಿ ಕಾರ್ನ್‌ವಾಲಿಸ್, 1817ರಲ್ಲಿ ಟ್ರಿಂಕೋಮಲಿ ಕಟ್ಟಿಕೊಟ್ಟಿದ್ದರು. ಓಕ್ ಮರದ ಹುಳಿರಸ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ, ಸಾಗುವಾನಿಯ ಎಣ್ಣೆ ಅದನ್ನು ಕಾಪಾಡುತ್ತದೆ. ಟ್ರಿಂಕೋಮಲಿ ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ನೀರಿನ ಮೇಲಿದೆ.

ಅದೇ ವರ್ಷಗಳಲ್ಲಿ ಯುರೋಪಿನಲ್ಲೂ ಮೂತಿಯ ಚರ್ಚೆ ನಡೆದಿತ್ತು. 1805ರ ಟ್ರಫಾಲ್ಗರ್ ಕಾಳಗದಲ್ಲಿ ನೆಲ್ಸನ್‌ನ ವಿಕ್ಟರಿ ಹಡಗು ಶತ್ರುಸಾಲಿನ ಕಡೆಗೆ ಮೂತಿ ಮುಂದಿಟ್ಟು ಹೋಗುವಾಗ ಮುಂಭಾಗದ ತೆಳು ಅಡ್ಡಗೋಡೆಯನ್ನು ಗುಂಡುಗಳು ಸೀಳಿದವು. ಹಡಗು ತಜ್ಞ ರಾಬರ್ಟ್ ಸೆಪ್ಪಿಂಗ್ಸ್ ಆ ಅಡ್ಡಗೋಡೆ ತೆಗೆಸಿ, ಪಕ್ಕೆಯಷ್ಟೇ ಗಟ್ಟಿಯಾದ ಗುಂಡು ಮೂತಿಯನ್ನು ಮೇಲಿನವರೆಗೂ ಏರಿಸಿದ. ಘುರಾಬಿನ ಎದುರುದಿಕ್ಕಿಗೆ ಹೋದ ಪರಿಹಾರ ಅದು. ದೊಡ್ಡ ಕಡಲಿಗೆ, ಸಾಲುಯುದ್ಧಕ್ಕೆ ಅದು ಸರಿ. ಅಳಿವೆಗೆ ಅಲ್ಲ.

ಹೀಗಾಗಿ ಘುರಾಬು ಕಣ್ಮರೆಯಾದರೂ ಅದರ ಮೂತಿ ಪತ್ತೇಮಾರಿಯಲ್ಲಿ ಉಳಿಯಿತು. ಅದರ ಸುಗ್ಗಿ ಬಂದದ್ದು ಹತ್ತಿಯಿಂದ. ಧಾರವಾಡ, ಹುಬ್ಬಳ್ಳಿಯ ಹತ್ತಿ ಎತ್ತಿನ ಗಾಡಿಗಳಲ್ಲಿ ಯಲ್ಲಾಪುರ ದಾಟಿ ಅರಬೈಲ್ ಘಟ್ಟದಿಂದಲೂ, ಶಿರಸಿ ದಾಟಿ ದೇವಿಮನೆ ಘಟ್ಟದಿಂದಲೂ ಕರಾವಳಿಗೆ ಇಳಿಯಿತು. ಬೆಳೆದದ್ದು ಬಯಲುಸೀಮೆಯಲ್ಲಾದರೂ ಹಡಗು ಹತ್ತಿದ ಬಂದರಿನ ಹೆಸರಿನಿಂದ ಅದು ಪೇಟೆಯಲ್ಲಿ ಕುಮಟಾ ಹತ್ತಿ ಆಯಿತು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತಾಗ ಈ ಎರಡು ಘಟ್ಟದ ದಾರಿಗಳಿಗೂ ಪತ್ತೇಮಾರಿಗಳಿಗೂ ಬಿಡುವಿರಲಿಲ್ಲ. 1862ರಲ್ಲಿ ಉತ್ತರ ಕನ್ನಡ ಮದರಾಸಿನಿಂದ ಮುಂಬೈ ಪ್ರಾಂತಕ್ಕೆ ಸೇರಿ ಕಾರವಾರ ಜಿಲ್ಲಾ ಕೇಂದ್ರವಾಯಿತು.

ಪೆಟ್ಟು ಬಿದ್ದದ್ದು 1888ರಲ್ಲಿ. ಮಾರ್ಮಗೋವಾ ಬಂದರಿಗೆ ಬಯಲುಸೀಮೆಯಿಂದ ರೈಲು ಬಂತು. ಹುಬ್ಬಳ್ಳಿಯ ಹತ್ತಿ ಘಟ್ಟದ ಗಾಡಿದಾರಿ ಬಿಟ್ಟು ಹಳಿ ಹಿಡಿಯಿತು. ಉಗಿಹಡಗುಗಳು ಪ್ರಯಾಣಿಕರನ್ನು ಎಳೆದುಕೊಂಡವು. ಪತ್ತೇಮಾರಿಗೆ ಉಳಿದದ್ದು ಹೆಂಚು, ಅಕ್ಕಿ, ಉಪ್ಪು, ಸೌದೆ. ಅಷ್ಟನ್ನೇ ಹೊತ್ತು ಇಪ್ಪತ್ತನೇ ಶತಮಾನದೊಳಕ್ಕೂ ಅದು ಓಡಿತು. ಮದರಾಸಿನ ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ 1920ರ ಹೊತ್ತಿಗೆ ಭಾರತದ ದೋಣಿಗಳ ಮೂಲ ಹುಡುಕಿ ಬರೆದಾಗ ಇಂಥ ಹಾಯಿಹಡಗುಗಳು ಇನ್ನೂ ಬಳಕೆಯಲ್ಲಿದ್ದವು.

ಇಂದು ಕಾರವಾರದಲ್ಲಿ ಅಚ್ಚರಿಯ ಮೂತಿ ನೋಡಬೇಕೆಂದರೆ ಅದು ಉಕ್ಕಿನದು. 2005ರಲ್ಲಿ ಆರಂಭವಾದ ಐಎನ್‌ಎಸ್ ಕದಂಬ ನೌಕಾನೆಲೆಗೆ 2014ರ ಜನವರಿಯಲ್ಲಿ ಬಂದ ವಿಮಾನವಾಹಕ ನೌಕೆ ವಿಕ್ರಮಾದಿತ್ಯದ ಮುಂತುದಿ 14 ಡಿಗ್ರಿ ಮೇಲಕ್ಕೆ ಬಾಗಿದೆ, ಚಿಕ್ಕ ಓಟದಲ್ಲೇ ವಿಮಾನ ಗಾಳಿಗೇರಲಿ ಎಂದು. ಅದೇ ನೆಲೆಯಲ್ಲಿ 2025ರ ಮೇ 21ರಂದು ತೀರ ಬೇರೆ ಬಗೆಯ ಹಡಗೊಂದು ನೌಕಾಪಡೆಗೆ ಸೇರಿತು. ಐಎನ್‌ಎಸ್‌ವಿ ಕೌಂಡಿನ್ಯ. ಅಜಂತಾದ ಐದನೇ ಶತಮಾನದ ಚಿತ್ರವೊಂದನ್ನು ನೋಡಿ, ಕೇರಳದ ಬಾಬು ಶಂಕರನ್ ಅವರ ತಂಡ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಹಡಗು ಅದು. ಮೂತಿಯಲ್ಲಿ ಕೆತ್ತಿದ ಸಿಂಹ ಯಾಳಿ, ಹಾಯಿಯ ಮೇಲೆ ಗಂಡಭೇರುಂಡ ಮತ್ತು ಸೂರ್ಯ. ಅಂಥ ಹಡಗಿನ ಅಳತೆಯ ನಕ್ಷೆ ಒಂದೂ ಉಳಿದಿಲ್ಲದ ಕಾರಣ ಆಕಾರವನ್ನು ಚಿತ್ರದಿಂದ ಊಹಿಸಿ, ಮದ್ರಾಸ್ ಐಐಟಿಯಲ್ಲಿ ಮಾದರಿಯನ್ನು ನೀರಿನಲ್ಲಿ ಪರೀಕ್ಷಿಸಿ ಗಟ್ಟಿಮಾಡಿಕೊಳ್ಳಬೇಕಾಯಿತು.

ಒಂದು ಸಾವಿರದೈನೂರು ವರ್ಷ ಹಳೆಯ ಗೋಡೆಚಿತ್ರದಿಂದ ಹಡಗೊಂದು ಎದ್ದು ಬರಬಹುದಾದರೆ ಪತ್ತೇಮಾರಿಯೂ ಬರಬೇಕು, ಉತ್ತರ ಕನ್ನಡ ಜಿಲ್ಲೆಯಲ್ಲೇ ಬರಬೇಕು. ಅದಕ್ಕೆ ಅಜಂತಾದಷ್ಟು ಊಹೆ ಬೇಕಿಲ್ಲ. ಈಡೈ ಅಳತೆ ಕೊಟ್ಟಿದ್ದಾನೆ, ಪಾರಿಸ್ ಗೆರೆ ಎಳೆದಿಟ್ಟಿದ್ದಾನೆ. ಸಾಗುವಾನಿ ಅರಣ್ಯ ಇಲಾಖೆಯ ಡಿಪೋಗಳಲ್ಲಿ ಇಂದಿಗೂ ಹರಾಜಿಗೆ ಬರುತ್ತದೆ. ತದಡಿ, ಹೊನ್ನಾವರ, ಭಟ್ಕಳಗಳಲ್ಲಿ ಮರದ ದೋಣಿ ಕಟ್ಟುವ ಕೈಗಳು ವರ್ಷದಿಂದ ವರ್ಷಕ್ಕೆ ಫೈಬರಿನ ಕೆಲಸಕ್ಕೆ ಹೊರಳುತ್ತಿವೆ. ತೊಲೆಯಷ್ಟೇ ಉದ್ದದ ಓರೆಮರವನ್ನು ಹಲಗೆಗೆ ಹೊಂದಿಸುವ ಕೆಲಸವನ್ನು ಆ ಕೈಗಳಿಗೆ ಒಪ್ಪಿಸಬೇಕಾದದ್ದು ಈ ದಶಕದಲ್ಲಿ.